ಇಬ್ಬರು ಚಿಕ್ಕಮ್ಮಂದಿರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಕ್ಕ ಹೇಳುತ್ತಿದ್ದಳು. ಅವಳ ಬಾಯಲ್ಲಿ ಅದು ಬೈಗುಳದಂತೆ ಕೇಳಿಸುತ್ತಿರಲಿಲ್ಲ. ಆ ಶುಕ್ರವಾರ ಬೆಳಿಗ್ಗೆ ಜರ್ಮನ್‌ಟೌನ್‌ನಿಂದ ಹೊರಟಾಗ ಚಕ್ಕುಲಿಯ ಡಬ್ಬಿಯ ಜೊತೆಗೆ ಆ ಕೋಪವನ್ನೂ ಕಟ್ಟಿಕೊಂಡೇ ಕಾರು ಹತ್ತಿದ್ದೆ. ಷಾರ್ಲೆಟ್‌ಗೆ ಏಳು ಗಂಟೆಯ ದಾರಿ. ಅಲ್ಲಿರುವುದು ಅಕ್ಕನ ಮನೆ. ಅಕ್ಕ ಮಾತ್ರ ಇಲ್ಲ. ಕೊರೊನಾ ಬಂದ ವರ್ಷದ ಚಳಿಗಾಲದಲ್ಲಿ ಹೋಗಿಬಿಟ್ಟಳು. ಈಗ ಅಲ್ಲಿ ಭಾವ ಇದ್ದಾರೆ, ಭಾವನ ಹೊಸ ಹೆಂಡತಿ ಇದ್ದಾಳೆ. ಅಕ್ಕನ ಒಬ್ಬಳೇ ಮಗಳು ದಕ್ಷಿಣ ಕ್ಯಾರೊಲಿನಾದ ಒಂದು ಕಾಲೇಜಿಗೆ ಆ ವರ್ಷವಷ್ಟೇ ಸೇರಿದ್ದಳು. ಅಲ್ಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು. ಶನಿವಾರ ಫುಟ್‌ಬಾಲ್ ಪಂದ್ಯ, ಅದರ ಮಧ್ಯಂತರದಲ್ಲಿ ಬ್ಯಾಂಡಿನ ಕವಾಯತು. ಎಲ್ಲರೂ ಬನ್ನಿ ಎಂದು ಭಾವ ಮೂರು ಸಲ ಫೋನ್ ಮಾಡಿದ್ದರು.

ನನಗೆ ಆಟ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನಾನು ಹೊರಟದ್ದು ಒಂದೇ ಒಂದನ್ನು ಕಣ್ಣಾರೆ ನೋಡಲು. ಅಕ್ಕನ ಮಗಳು ಇನ್ನೂ ನನ್ನವಳಾಗಿ ಉಳಿದಿದ್ದಾಳೋ ಇಲ್ಲವೋ ಎಂದು.

ಅಕ್ಕ ಆಸ್ಪತ್ರೆಯಲ್ಲಿದ್ದಾಗ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನರ್ಸ್ ಒಬ್ಬಳು ಹಿಡಿದುಕೊಂಡ ಫೋನಿನಲ್ಲಿ ಅವಳ ಮುಖದ ಅರ್ಧ ಭಾಗ ನೋಡಿದ್ದೇ ಕೊನೆ. ಆಮೇಲೆ ನಾನು ಆ ಮನೆಯಲ್ಲಿ ಮೂರು ವಾರ ಇದ್ದೆ. ಹುಡುಗಿಗೆ ಆಗ ಹದಿನಾಲ್ಕು. ಅಳುತ್ತಿರಲಿಲ್ಲ, ಕರೆಯುತ್ತಿದ್ದಳು. ಮಹಡಿಯಿಂದ ಚಿಕ್ಕಮ್ಮ, ಬಚ್ಚಲಿನಿಂದ ಚಿಕ್ಕಮ್ಮ, ಗರಾಜಿನಿಂದ ಚಿಕ್ಕಮ್ಮ. ಹೋಗಿ ನೋಡಿದರೆ ಏನೂ ಕೆಲಸ ಇರುತ್ತಿರಲಿಲ್ಲ. ನಾನು ಇದ್ದೇನೆಂದು ಖಾತ್ರಿ ಮಾಡಿಕೊಳ್ಳಲು ಕರೆದಿರುತ್ತಿದ್ದಳು. ಚಿಕ್ಕಮ್ಮ ಎನ್ನುವುದರೊಳಗೆ ಒಬ್ಬಳು ಅಮ್ಮ ಇದ್ದಾಳೆಂದು ನನ್ನ ಕಿವಿಗೆ ಬಿದ್ದದ್ದು ಆಗಲೇ. ಅವಳನ್ನು ನಮ್ಮಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಸ್ಕೂಲು ಬದಲಾಯಿಸುವುದು ಬೇಡ ಎಂದರು ಭಾವ. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ನಾನು ಒಪ್ಪಿಕೊಂಡು ವಾಪಸು ಬಂದೆ. ಒಳಗೊಳಗೆ ಇವತ್ತಿಗೂ ಒಪ್ಪಿಲ್ಲ.

ಆಮೇಲೆ ಭಾನುವಾರದ ಫೋನುಗಳು. ಮೊದಲು ಪ್ರತಿ ವಾರ, ನಂತರ ಹದಿನೈದು ದಿನಕ್ಕೊಮ್ಮೆ, ಕೊನೆಗೆ ಬರೀ ಮೆಸೇಜು. ನಾನು ಪ್ರತಿ ಮೆಸೇಜನ್ನು ಇಂಗ್ಲಿಷಿನಲ್ಲಿ ಬರೆದು, ಕೊನೆಯಲ್ಲಿ ಕನ್ನಡ ಲಿಪಿಯಲ್ಲಿ 'ಚಿಕ್ಕಮ್ಮ' ಎಂದು ಸಹಿ ಹಾಕುತ್ತೇನೆ. ನಮ್ಮ ಅಪ್ಪ ಇನ್‌ಲ್ಯಾಂಡ್ ಪತ್ರದ ಕೊನೆಯಲ್ಲಿ ಹಾಕುತ್ತಿದ್ದ ಸಹಿಯ ಚಾಳಿ ಅದು. ಹುಡುಗಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮುಂದಿನ ಬೇಸಿಗೆ ರಜೆಯಲ್ಲಿ ಕಲಿಸುತ್ತೇನೆ ಎಂದು ಅಕ್ಕ ಹೇಳುತ್ತಲೇ ಇದ್ದಳು. ಆ ಬೇಸಿಗೆ ಬರಲಿಲ್ಲ. "ಲಾಸ್ಟ್‌ನಲ್ಲಿ ಇರೋ ಆ ಸ್ಕ್ವಿಗಲ್ ಏನು?" ಎಂದು ಒಮ್ಮೆ ಕೇಳಿದ್ದಳು, ಅವಳ ಕಣ್ಣಿಗೆ ಅದು ಬರೀ ಸುರುಳಿ ಗೀಚು. "ನನ್ನ ಸೈನ್ ಕಣೇ" ಎಂದಿದ್ದೆ.

ಭಾವ ಮತ್ತೆ ಮದುವೆಯಾದದ್ದು ಎರಡು ವರ್ಷದ ಹಿಂದೆ, ಅಟ್ಲಾಂಟಾದಲ್ಲಿ, ದೇವಸ್ಥಾನದಲ್ಲಿ, ಹತ್ತೇ ಜನರ ಮುಂದೆ. ಆಕೆ ಮೈಸೂರಿನವಳು, ಅಟ್ಲಾಂಟಾದ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ ಕೆಲಸ, ಮೊದಲ ಮದುವೆ ಮುರಿದಿತ್ತು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ನಾನು ಮದುವೆಗೆ ಹೋಗಲಿಲ್ಲ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಆಡಿಟ್ ಇದೆ ಎಂದು ಸುಳ್ಳು ಹೇಳಿದೆ. ಆ ವಾರ ಹುಡುಗಿ ತಾನಾಗಿಯೇ ಫೋನ್ ಮಾಡಿ, ಆಕೆಯನ್ನು ಏನೆಂದು ಕರೆಯಲಿ ಎಂದು ಕೇಳಿದಳು. "ಅಮ್ಮ ಅಂತ ಮಾತ್ರ ಕರೀಬೇಡ" ಎಂದೆ. ಕೋಪ ನೆತ್ತಿಗೇರಿತ್ತು, ಇನ್ನೂ ಏನೇನೋ ಅಂದೆ. ಅದೆಲ್ಲ ನನಗೆ ನೆನಪಿರಲಿಲ್ಲ.

ವರ್ಜೀನಿಯಾ ದಾಟುವಾಗ ಹಿಂದಿನ ಸೀಟಿನಲ್ಲಿದ್ದ ಒಂಬತ್ತು ವರ್ಷದ ನನ್ನ ಮಗಳು ಕೂಡ ಅದನ್ನೇ ಕೇಳಿದಳು. "ಅಮ್ಮಾ, ವಾಟ್ ಡು ಐ ಕಾಲ್ ಹರ್?"

"ಆಂಟಿ ಅನ್ನು."

"ದೊಡ್ಡಪ್ಪನ ಹೆಂಡತಿ ಅಲ್ವಾ, ದೊಡ್ಡಮ್ಮ ಅಂದ್ರೆ ತಪ್ಪೇನು?" ಎಂದರು ಸ್ಟಿಯರಿಂಗ್ ಹಿಡಿದಿದ್ದ ನನ್ನ ಗಂಡ.

"ತಪ್ಪಿದೆ" ಎಂದೆ.

ನಮ್ಮ ಕಡೆಯವರಿಗೆ ಆಂಟಿ ಎಂದರೆ ಯಾರು ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಪಕ್ಕದ ಮನೆಯವಳು ಆಂಟಿ. ಕನ್ನಡ ಸಂಘದಲ್ಲಿ ಊಟಕ್ಕೆ ಟೋಕನ್ ಕೊಡುವವಳು ಆಂಟಿ. ಬಾಗಿಲಿನ ಆಚೆ ನಿಂತವರೆಲ್ಲ ಆಂಟಿ. ಆಕೆಯನ್ನು ಬಾಗಿಲಿನ ಆಚೆಯೇ ನಿಲ್ಲಿಸಬೇಕೆಂದು ನಾನು ಬೇಕೆಂದೇ ಆರಿಸಿದ ಪದ ಅದು.

ಮನೆಯಲ್ಲಿ ತಪ್ಪು ಹುಡುಕಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಗೋಡೆಯ ಮೇಲೆ ಅಕ್ಕನ ಫೋಟೋ ಇತ್ತು, ಗಂಧದ ಹಾರದ ಜೊತೆ ಅಂಗಳದ್ದೇ ಒಂದು ದಾಸವಾಳ ಇತ್ತು. ಅಡುಗೆಮನೆಯಲ್ಲಿ ಅಕ್ಕನ ಸ್ಟೀಲ್ ಡಬ್ಬಿಗಳು, ಅವಳು ಬರೆದು ಅಂಟಿಸಿದ ಚೀಟಿಗಳು ಹಾಗೇ ಇದ್ದವು. ಉದ್ದಿನಬೇಳೆ, ಕಡಲೆಬೇಳೆ, ಹುರಿಗಡಲೆ. ಅಕ್ಕನ ಕನ್ನಡದ 'ಳ' ಯಾವಾಗಲೂ ಸ್ವಲ್ಪ ಬಲಕ್ಕೆ ಬಾಗುತ್ತಿತ್ತು. ಒಗ್ಗರಣೆಗೆ ಕಡಲೆಬೇಳೆಯ ಡಬ್ಬಿ ತೆಗೆದರೆ ಒಳಗೆ ಓಟ್ಸ್. ಉದ್ದಿನಬೇಳೆಯದರಲ್ಲಿ ಬಾದಾಮಿ. ಲ್ಯಾಬಿನಲ್ಲಿ ನನ್ನ ಕೆಲಸವೇ ಸ್ಯಾಂಪಲ್‌ಗಳ ಲೇಬಲ್ ತಾಳೆ ನೋಡುವುದು. ಒಳಗೊಂದು ಹೊರಗೊಂದು ಇದ್ದರೆ ನನಗೆ ತಡೆಯುವುದಿಲ್ಲ. "ಚೀಟಿ ಬದಲಾಯಿಸಬಹುದಿತ್ತಲ್ಲ" ಎಂದು ಕೊಂಕು ತೆಗೆದೆ.

"ತೆಗೆಯೋಕೆ ಕೈ ಬರಲಿಲ್ಲ ಇವರೇ" ಎಂದಳು ಆಕೆ. "ಅವರ ಅಕ್ಷರ ಅಲ್ವಾ. ಯಾವುದ್ರಲ್ಲಿ ಏನಿದೆ ಅಂತ ನಂಗೆ ಬಾಯಿಪಾಠ ಆಗಿದೆ, ಇರ್ಲಿ ಬಿಡಿ."

ಆ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಅದಕ್ಕೂ ಕೋಪ ಬಂತು.

ಊಟಕ್ಕೆ ಕುಳಿತಾಗ ಆಕೆ ನನ್ನ ಮಗಳ ತಟ್ಟೆಗೆ ಪಲ್ಯ ಬಡಿಸಿದಳು. "ಥ್ಯಾಂಕ್ಯೂ ಆಂಟಿ" ಎಂದಳು ಮಗಳು, ಹೇಳಿಕೊಟ್ಟಂತೆ. ಆಕೆಯ ಕೈಯ ಸೌಟು ಒಂದು ಕ್ಷಣ ನಿಂತಿತು. ಭಾವ ತಲೆ ಎತ್ತಲಿಲ್ಲ. "ಇನ್ನೂ ಸ್ವಲ್ಪ ಹಾಕ್ಕೋ ಪುಟ್ಟ" ಎಂದು ಆಕೆ ಮುಂದೆ ಹೋದಳು. ನನಗೆ ಸಂತೋಷವಾಯಿತು. ಸುಳ್ಳು ಹೇಳಲಾರೆ, ಒಳ್ಳೆಯ ಊಟದಷ್ಟೇ ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಒಂದೇ ವ್ಯಾನಿನಲ್ಲಿ ಐವರೂ ಹೊರಟೆವು. ಕಾಲೇಜಿನ ಆ ಊರಿನಲ್ಲಿ ಪಂದ್ಯದ ದಿನ ಎಂದರೆ ಊರಿಗೆ ಊರೇ ಪಾರ್ಕಿಂಗ್ ಲಾಟಿನಲ್ಲಿ ಇರುತ್ತದೆ. ಟೆಂಟು ಹಾಕಿ, ಒಲೆ ಹಚ್ಚಿ, ಕುರ್ಚಿ ಹರಡಿ, ಬೆಳಿಗ್ಗೆ ಒಂಬತ್ತಕ್ಕೇ ಮಾಂಸದ ಹೊಗೆ. ನಾವು ವ್ಯಾನಿನ ಹಿಂಬಾಗಿಲು ತೆರೆದು ಅಲ್ಯೂಮಿನಿಯಂ ತಟ್ಟೆಯಲ್ಲಿ ತಂದಿದ್ದ ಚಿತ್ರಾನ್ನ ತಿಂದೆವು. ಭಾವ ಪೇಪರ್ ತಟ್ಟೆಯ ಹಿಂಬದಿಯಲ್ಲಿ ಗೆರೆ ಎಳೆದು ನಮಗೆ ಆಟ ವಿವರಿಸಿದರು. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡನ್ನು ಎದುರಿನವರಿಗೆ ಬಿಟ್ಟುಕೊಡಬೇಕು.

"ಕಾಲು ಯಾವಾಗ ಬರುತ್ತೆ?" ಎಂದು ಕೇಳಿದೆ.

"ಅಪರೂಪಕ್ಕೆ."

"ಮತ್ತೆ ಫುಟ್‌ಬಾಲ್ ಅಂತ ಯಾಕೆ ಹೆಸರು?"

ಭಾವ ನಕ್ಕರು. ಅಕ್ಕ ಹೋದ ಮೇಲೆ ಅವರು ನನ್ನೆದುರು ನಕ್ಕದ್ದು ಅದೇ ಮೊದಲು. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು, ನನಗೆ ಅದು ಕಂಡದ್ದೂ ಆಗಲೇ.

ಸ್ಟೇಡಿಯಮ್ಮಿನ ಬಾಗಿಲಲ್ಲಿ ನನ್ನ ಕೈಚೀಲ ಒಳಗೆ ಹೋಗುವುದಿಲ್ಲ ಎಂದರು. ಹೊರಗಿನಿಂದ ಒಳಗಿರುವುದೆಲ್ಲ ಕಾಣುವಂಥ ಪ್ಲಾಸ್ಟಿಕ್ ಚೀಲವೇ ಆಗಬೇಕಂತೆ. ನಾನು ಆ ಪಹರೆಯವನ ಜೊತೆ ಜಗಳಕ್ಕೆ ನಿಂತೆ. ಹೊಸ ಹೆಂಡತಿ ಮೆಲ್ಲಗೆ ಜೇಬಿನಿಂದ ಮಡಿಸಿದ ಚೀಲವೊಂದನ್ನು ತೆಗೆದು, "ನಿಮಗೆ ಅಂತ ಒಂದು ಎಕ್ಸ್‌ಟ್ರಾ ತಂದಿದ್ದೆ" ಎಂದಳು. ನನ್ನ ಬಾಮು, ಬಾಚಣಿಗೆ, ಕುಂಕುಮದ ಭರಣಿ, ಬಿಪಿ ಮಾತ್ರೆ ಎಲ್ಲವೂ ಊರೆಲ್ಲ ನೋಡುವಂತೆ ನನ್ನ ಹೆಗಲಿಗೆ ಬಿದ್ದವು. ಉಳಿದದ್ದನ್ನು ನನ್ನ ಗಂಡ ವ್ಯಾನಿಗೆ ಹಾಕಿ ಬಂದರು.

ಆ ಗದ್ದಲವನ್ನು ನಾನು ಹಿಂದೆ ಎಲ್ಲೂ ಕೇಳಿಲ್ಲ. ಅಷ್ಟು ಜನ ಒಟ್ಟಿಗೆ ಏಳುವುದು, ಒಟ್ಟಿಗೆ ಕೂರುವುದು, ಒಂದು ಚೆಂಡಿಗಾಗಿ ಅಳುವಷ್ಟು ಕೂಗುವುದು. ಮಗಳು ಕಿವಿ ಮುಚ್ಚಿಕೊಂಡೇ ಕುಣಿಯುತ್ತಿದ್ದಳು. ನನ್ನ ಕಣ್ಣು ಮೈದಾನದ ಮೂಲೆಯಲ್ಲಿ ಕುಳಿತ ಬ್ಯಾಂಡಿನ ಮೇಲೇ ಇತ್ತು. ಮಧ್ಯಂತರದಲ್ಲಿ ಅವರು ಸಾಲುಸಾಲಾಗಿ ಇಳಿದು ಬಂದರು. ಮುನ್ನೂರು ಜನ ಇದ್ದಿರಬಹುದು, ಎಲ್ಲರಿಗೂ ಒಂದೇ ಅಂಗಿ, ಹುಬ್ಬಿನವರೆಗೆ ಇಳಿದ ಒಂದೇ ಟೋಪಿ. ನಾನು ಒಂದೇ ನೋಟಕ್ಕೆ ಅವಳನ್ನು ಗುರುತು ಹಿಡಿದೆ. ಬಲಗಡೆಯ ಸಾಲಿನ ತುದಿಯಲ್ಲಿ, ಅಕ್ಕನದೇ ಎತ್ತರ, ಅಕ್ಕನ ಹಾಗೆಯೇ ಗದ್ದ ಎತ್ತಿ ನಿಂತವಳು. ಈ ಕ್ಲಾರಿನೆಟ್ಟಿಗೆ ಪಕ್ಕದ ಮನೆಯ ನಾಯಿಯೂ ಅಳುತ್ತೆ ಎಂದು ಅಕ್ಕ ನಗಾಡುತ್ತಿದ್ದದ್ದು, ಮಳೆಯಲ್ಲೂ ಹಿಮದಲ್ಲೂ ಅವಳನ್ನು ಪಾಠಕ್ಕೆ ಬಿಟ್ಟುಬರುತ್ತಿದ್ದದ್ದು ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ. ಮೊದಲ ಹಾಡು ಪೂರ್ತಿ ಅತ್ತೆ.

ಪಕ್ಕದಲ್ಲಿದ್ದ ಹೊಸ ಹೆಂಡತಿ ನನ್ನ ತೋಳು ಮುಟ್ಟಿದಳು. "ಅವಳಲ್ಲ. ಎಡಗಡೆಯಿಂದ ನಾಲ್ಕನೇ ಸಾಲು ನೋಡಿ, ಮುಂದಿನಿಂದ ಎರಡನೆಯವಳು. ಎಡಗಾಲು ಒಂಚೂರು ಲೇಟಾಗಿ ಎತ್ತುತ್ತಾಳೆ."

ನೋಡಿದೆ. ಹೌದು, ಅವಳೇ. ಅಷ್ಟು ಹೊತ್ತು ನಾನು ಯಾರ ಮಗಳನ್ನೋ ನೋಡಿ ಕಣ್ಣೀರು ಹಾಕಿದ್ದೆ.

ಪಂದ್ಯ ನಾವು ಗೆದ್ದೆವಂತೆ. ಮಧ್ಯಾಹ್ನದ ಬಿಸಿಲಿನಲ್ಲಿ ಬ್ಯಾಂಡಿನ ಕಟ್ಟಡದ ಎದುರು, ಬೇರೆ ತಂದೆತಾಯಿಯರ ನಡುವೆ ನಿಂತು ಕಾದೆವು. ನಾನು ವ್ಯಾನಿನಿಂದ ಚಕ್ಕುಲಿಯ ಡಬ್ಬಿ ತಂದುಕೊಂಡಿದ್ದೆ. ಬಾಗಿಲು ತೆರೆದು ಮಕ್ಕಳು ಬರತೊಡಗಿದರು. ಆಗ ಕೇಳಿಸಿತು.

"ಚಿಕ್ಕಮ್ಮ."

ದನಿ ಸ್ವಲ್ಪ ದಪ್ಪವಾಗಿತ್ತು. ಆದರೆ ಮಹಡಿಯಿಂದ, ಗರಾಜಿನಿಂದ ಕರೆಯುತ್ತಿದ್ದ ಅದೇ ರಾಗ, ಕೊನೆಯಲ್ಲಿ ಸ್ವಲ್ಪ ಎಳೆಯುವ ಅದೇ ಚಾಳಿ. "ಬಂದೆ ಕಣೇ" ಎಂದು ನಾನು ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಎರಡು ಹೆಜ್ಜೆ ಮುಂದೆ ಹೋದೆ. ಅವಳು ನನ್ನ ಪಕ್ಕದಿಂದ ಹಾದು ಹೋಗಿ, ಹೊಸ ಹೆಂಡತಿಯ ಕೈಗೆ ಟೋಪಿ ಕೊಟ್ಟು, ಅವಳ ಹೆಗಲ ಮೇಲೆ ತಲೆ ಇಟ್ಟಳು. "ಚಿಕ್ಕಮ್ಮ, ಇದು ಹಿಡ್ಕೋ. ಕಾಲು ನೋಯ್ತಿದೆ. ನಾನು ಒಂದು ಟರ್ನ್ ಮಿಸ್ ಮಾಡ್ದೆ, ನೋಡಿದ್ಯಾ?"

ಆಮೇಲೆ ತಿರುಗಿ ನನ್ನನ್ನು ನೋಡಿದಳು. ಮುಖ ಅರಳಿತು, ಅದರಲ್ಲಿ ಏನೂ ಸುಳ್ಳಿರಲಿಲ್ಲ. "ಹಾಯ್ ಆಂಟಿ. ನೀವು ಯಾವಾಗ ಬಂದ್ರಿ?"

ಯಾವ ಆಂಟಿ ಎಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಉಳಿದವರು ವ್ಯಾನು ತರಲು ಹೋದರು. ಹಾಸ್ಟೆಲಿನವರೆಗೆ ನಾನು ಅವಳ ಜೊತೆ ನಡೆದೆ. ನಡೆಯುತ್ತಲೇ ಡಬ್ಬಿ ತೆರೆದು ಚಕ್ಕುಲಿ ಕಚ್ಚಿದಳು. ರೂಮ್‌ಮೇಟ್ ಬಗ್ಗೆ, ಕೆಮಿಸ್ಟ್ರಿ ಬಗ್ಗೆ ಏನೇನೋ ಹೇಳುತ್ತಿದ್ದಳು. ನನ್ನ ತಲೆಗೆ ಒಂದೂ ಹೋಗಲಿಲ್ಲ. ಎರಡು ವರ್ಷ ಇವಳು ನನ್ನನ್ನು ಏನೆಂದು ಕರೆಯುತ್ತಿದ್ದಳು ಎಂದು ಯೋಚಿಸುತ್ತಿದ್ದೆ. ಏನೆಂದೂ ಇಲ್ಲ. ಫೋನು ಎತ್ತಿದರೆ 'ಹಾಯ್', ಇಟ್ಟರೆ 'ಬೈ'. ಮೆಸೇಜು ಪೂರ್ತಿ ಇಂಗ್ಲಿಷು, ಇಂಗ್ಲಿಷಿನ 'ಯೂ' ಒಳಗೆ ನೀನು ನೀವು ಎರಡೂ ಅಡಗಿ ಕೂರುತ್ತವೆ. ನಾನು ಗಮನಿಸಿಯೇ ಇರಲಿಲ್ಲ.

"ನನ್ನನ್ನ ಆಂಟಿ ಅಂದ್ಯಲ್ಲ, ಯಾಕೆ?" ಎಂದು ಕೇಳಿಯೇಬಿಟ್ಟೆ.

ಅವಳಿಗೆ ಆಶ್ಚರ್ಯವಾಯಿತು. "ನೀವೇ ಅಲ್ವಾ ಹೇಳಿದ್ದು?"

"ನಾನಾ? ಯಾವಾಗ?"

"ಡ್ಯಾಡ್ ಮದುವೆ ಟೈಮ್‌ನಲ್ಲಿ. ನಾನು ಕಾಲ್ ಮಾಡಿದ್ದೆ, ರಿಮೆಂಬರ್? ಯೂ ಸೆಡ್, ಅಮ್ಮ ಅನ್ಬೇಡ, ನಮ್ಮಲ್ಲಿ ಅಪ್ಪನ ಸೆಕೆಂಡ್ ವೈಫ್‌ಗೆ ಚಿಕ್ಕಮ್ಮ ಅಂತಾರೆ, ಹಾಗೆ ಅನ್ನು. ಐ ಸೆಡ್, ಬಟ್ ಯೂ ಆರ್ ಚಿಕ್ಕಮ್ಮ. ಯೂ ಸೆಡ್, ನನ್ನನ್ನ ಏನಾದ್ರೂ ಕರ್ಕೋ, ನಾನೇನು ಓಡಿಹೋಗಲ್ಲ."

ಅವಳು ಹೇಳುತ್ತಿದ್ದಂತೆ ನನ್ನ ದನಿಯೇ ನನಗೆ ಕೇಳಿಸಿತು. ನಿಜ. ಅಂದಿದ್ದೆ. ನಾನು ಅದನ್ನು ವಿಷ ಬೆರೆಸಿ ಅಂದಿದ್ದೆ. ನಮ್ಮ ಅಜ್ಜಿಯ ಕಥೆಗಳಲ್ಲಿ ಇನ್ನೊಬ್ಬಳು ಚಿಕ್ಕಮ್ಮ ಇರುತ್ತಿದ್ದಳು, ತಾಯಿ ಸತ್ತ ಮಗುವಿಗೆ ತಂಗಳು ಹಾಕಿ ತೂತಿನ ಕೊಡದಲ್ಲಿ ನೀರು ತರಿಸುವವಳು. ಆ ಚಿಕ್ಕಮ್ಮ ಎಂದು ಕರೆ ಎಂದು ನನ್ನ ಮನಸ್ಸಿನಲ್ಲಿತ್ತು. ಈ ಮಗುವಿಗೆ ಆ ಕಥೆಗಳು ಗೊತ್ತಿಲ್ಲ. ಅವಳಿಗೆ ಗೊತ್ತಿದ್ದ ಚಿಕ್ಕಮ್ಮ ಒಬ್ಬಳೇ. ಆ ಒಬ್ಬಳ ಜಾಗವನ್ನು, ನಾನು ಹೇಳಿದೆನೆಂದು, ನಿಯತ್ತಾಗಿ ಆಕೆಗೆ ಕೊಟ್ಟಿದ್ದಳು.

"ಇಬ್ಬರೂ ಚಿಕ್ಕಮ್ಮ ಅಂದ್ರೆ ಕನ್‌ಫ್ಯೂಸ್ ಆಗುತ್ತೆ" ಎಂದಳು, ತುಟಿಗಂಟಿದ ಎಳ್ಳು ಒರೆಸಿಕೊಂಡು. "ಸೋ ನೀವು ಆಂಟಿ. ಆಂಟ್, ಆಂಟಿ, ಸೇಮ್ ಅಲ್ವಾ? ಫಸ್ಟ್ ವಿಯರ್ಡ್ ಆಗ್ತಿತ್ತು. ಐ ಪ್ರ್ಯಾಕ್ಟೀಸ್ಡ್."

"ನೀನು ಅಂತಿದ್ದೋಳು ನೀವು ಅಂತಿದೀಯ."

"ಅಮ್ಮ ಹೇಳ್ಕೊಟ್ಟಿದ್ದು. ಮನೆಯವ್ರಿಗೆ ನೀನು, ಆಂಟಿ ಅಂಕಲ್‌ಗೆಲ್ಲ ನೀವು. ಆಂಟಿಗೆ ನೀನು ಅಂದ್ರೆ ರೂಡ್ ಅಂತ." ಅವಳು ನಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಹೊಸ ಪದ ಕಲಿತಾಗ ಅಕ್ಕನ ಮುಖವನ್ನು ಹೀಗೆಯೇ ನೋಡುತ್ತಿದ್ದಳು. "ನನ್ನ ಕನ್ನಡ ಕರೆಕ್ಟಾಗಿದ್ಯಾ?"

ಇಲ್ಲ ಎಂದು ಹೇಳಬಹುದಿತ್ತು. ಈಗ ವಾಪಸು ಕೊಡು ಎಂದು ಕೇಳಬಹುದಿತ್ತು. ಕೇಳಿದರೆ ಕೊಡುತ್ತಿದ್ದಳು, ಅಂಥ ಹುಡುಗಿ ಅವಳು. ಆದರೆ ಆ ಪದವನ್ನು ಈಗ ಇನ್ನೊಬ್ಬಳಿಂದ ಕಿತ್ತು ತರಬೇಕಾಗಿತ್ತು. ನಾಲ್ಕನೇ ಸಾಲಿನಲ್ಲಿ ಅವಳ ಎಡಗಾಲನ್ನು ಗುರುತಿಟ್ಟುಕೊಂಡವಳು ಆಕೆ, ನಾನಲ್ಲ.

"ಕರೆಕ್ಟಾಗಿದೆ" ಎಂದೆ.

ಭಾನುವಾರ ಹೊರಡುವಾಗ ಹೊಸ ಹೆಂಡತಿ ಅರಿಶಿನ ಕುಂಕುಮ, ಒಂದು ರವಿಕೆ ಕಣ ಹಿಡಿದು ಬಂದಳು. ನಾನು ಹಣೆ ಒಡ್ಡಿದೆ. ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೆ, ಕನಿಷ್ಠ ನನ್ನ ಮಗಳ ಬಾಯಿಂದಾದರೂ ಸರಿ ಮಾಡಿಸಬೇಕೆಂದು. "ದೊಡ್ಡಮ್ಮನಿಗೆ ನಮಸ್ಕಾರ ಮಾಡು ಪುಟ್ಟ" ಎಂದೆ.

ಮಗಳು "ಓಕೆ" ಎಂದು ನಮ್ಮಿಬ್ಬರನ್ನೂ ದಾಟಿ ಹೋಗಿ, ಗೋಡೆಯ ಮೇಲಿದ್ದ ಅಕ್ಕನ ಫೋಟೋಗೆ ಕೈ ಮುಗಿದು ತಲೆ ಬಾಗಿಸಿದಳು.

ಅವಳಲ್ಲ, ಇವಳು ಎಂದು ಹೇಳಲು ನಾನು ಬಾಯಿ ತೆರೆದೆ. ಆ ಫೋಟೋದ ಎದುರು ಆ ಮಾತು ಹೊರಡಲಿಲ್ಲ. ಹೊಸ ಹೆಂಡತಿಗೆ ಎಲ್ಲ ಅರ್ಥವಾಯಿತು. "ಇರ್ಲಿ ಬಿಡಿ" ಎಂದಳು, ಕುಂಕುಮದ ತಟ್ಟೆಯನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು. "ಅವರೇ ಅಲ್ವಾ ದೊಡ್ಡಮ್ಮ." ಆಕೆಯ ಕಣ್ಣು ತುಂಬಿತ್ತು. ನಾನು ಆಕೆಯ ಕೈ ಹಿಡಿದುಕೊಂಡೆ, ಏನೆಂದು ಕರೆಯಬೇಕೋ ನನಗೂ ತಿಳಿಯಲಿಲ್ಲ.

ಸಂಜೆ ಮನೆ ಮುಟ್ಟುವ ಹೊತ್ತಿಗೆ ಹುಡುಗಿಯ ಮೆಸೇಜು ಬಂದಿತ್ತು, ಕ್ಷೇಮವಾಗಿ ತಲುಪಿದಿರಾ, ಚಕ್ಕುಲಿ ಆಗಲೇ ಅರ್ಧ ಖಾಲಿ ಎಂದು. ತಲುಪಿದೆವು, ಚೆನ್ನಾಗಿ ಓದು ಎಂದು ಇಂಗ್ಲಿಷಿನಲ್ಲಿ ಬರೆದೆ. ಸಹಿಯ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಏನೂ ಹಾಕದೆ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು. ನಿಮ್ಮ ಸ್ಕ್ವಿಗಲ್ ಎಲ್ಲಿ, ಮರೆತುಬಿಟ್ರಾ ಎಂದು ಕೇಳಿದ್ದಳು.

ಸಾಮಾನು ಇಳಿಸುತ್ತಿದ್ದ ಗಂಡನಿಗೆ ಬೆನ್ನು ಮಾಡಿ, ಕಾರಿನ ಪಕ್ಕದಲ್ಲೇ ನಿಂತು ಕನ್ನಡದ ಕೀಬೋರ್ಡು ತೆರೆದೆ. ಅವಳಿಗೆ ಓದಲು ಬರುವುದಿಲ್ಲವಲ್ಲ. ಚಿಕ್ಕಮ್ಮ ಎಂದೇ ಬರೆದು ಕಳಿಸಿದೆ.